ಲಿಫ್ಟಿನಲ್ಲಿ ಇಬ್ಬರೇ

ಖರೀದಿ ವಿಭಾಗದ ಗುಮಾಸ್ತ ಲಿಫ್ಟಿಗೆ ನುಗ್ಗುವ ಮುಂಚೆ ಒಳಗೆ ಯಾರಿದ್ದಾರೆಂದು ನೋಡಬೇಕಿತ್ತು. ತಡವಾಗಿತ್ತು, ನೋಡಲಿಲ್ಲ. ಮೂರನೇ ಮಹಡಿ ದಾಟುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಲಿಫ್ಟ್ ರಿಪೇರಿಯ ಕಂಟ್ರಾಕ್ಟರ್. ಅದೇ ಹೊತ್ತಿಗೆ ಲಿಫ್ಟ್ ಬಿಕ್ಕಳಿಸಿ ನಿಂತಿತು. ದೀಪ ಆರಿತು.

ಕಂಪನಿಯಲ್ಲಿ ಹೊಸ ನಿಯಮ ಬಂದಿತ್ತು. ಖರೀದಿಯವರು ಟೆಂಡರ್ ಹಾಕಿದವರ ಜೊತೆ ಒಂಟಿಯಾಗಿ ಇರಕೂಡದು. ಅವರಿಂದ ಲೋಟ ನೀರನ್ನೂ ಮುಟ್ಟಕೂಡದು. ಗುಮಾಸ್ತನ ಕುರ್ಚಿಯಲ್ಲಿ ಹಿಂದೆ ಕೂತಿದ್ದವನು ಒಂದು ಕ್ಯಾಲೆಂಡರ್ ತೆಗೆದುಕೊಂಡ ತಪ್ಪಿಗೆ ಕೆಲಸ ಹೋಗಿ ಮನೆ ಸೇರಿದ್ದ. ಈ ಕಂಟ್ರಾಕ್ಟರ್ ಕೂಡ ಹಾಕಿದ್ದ ಲಿಫ್ಟ್ ನಿರ್ವಹಣೆಯ ಟೆಂಡರ್ ತೆರೆಯುವುದು ನಾಳೆ. ಗುಮಾಸ್ತನ ನೌಕರಿ ಕಾಯಂ ಆಗುವುದು ಇವತ್ತು. ಕಾಯಂ ಆದರೆ ಬೇರೆ ಮನೆ. ಆಗದಿದ್ದರೆ ಮಾವನ ಮನೆಯ ಹಿಂಬದಿ ಕೋಣೆ, ಊಟಕ್ಕೆ ಕೂತಾಗಲೆಲ್ಲ ಮಾವನ ನಿಟ್ಟುಸಿರು.

"ಹೆದರ್ಬೇಡಿ," ಎಂದ ಕಂಟ್ರಾಕ್ಟರ್. "ಕೀಲಿ ಜೇಬಲ್ಲೇ ಇದೆ. ಎರಡು ನಿಮಿಷ, ಬಾಗಿಲು ತೆಗೀತೀನಿ."

"ಮುಟ್ಬೇಡ್ರೀ! ಯಾರಾದ್ರೂ ಬನ್ನಿ! ಸಾಕ್ಷಿ ಬೇಕು, ಸಾಕ್ಷಿ!"

ಹೊರಗೆ ಜನ ಸೇರಿತು. ಲೆಕ್ಕದ ವಿಭಾಗದ ಮೇಡಂ ಬಾಗಿಲ ಸೀಳಿಗೆ ಕಿವಿಯಿಟ್ಟು, "ಒಳಗೆ ಇಬ್ರೇ ಇದಾರೆ ಕಣ್ರೀ," ಎಂದು ಮುರಿದ ಮದುವೆಯ ಸುದ್ದಿ ಹೇಳುವವರಂತೆ ಪಿಸುಗುಟ್ಟಿದರು. ಲಂಚ ತಡೆಯಲೆಂದೇ ನೇಮಕವಾದ ಅಧಿಕಾರಿ ಓಡಿಬಂದ. ಗಾಳಿಯನ್ನೂ ಸೋಸಿಯೇ ಉಸಿರಾಡುವ ಅವನಿಗೆ ಎಲ್ಲರೂ ಇಟ್ಟ ಹೆಸರು ಸೋಸುಬಟ್ಟೆ.

"ಸಾರ್, ಇವರು ಬಾಗಿಲು ತೆಗೀತೀನಿ ಅಂತಿದಾರೆ!"

"ದುಡ್ಡು ತಗೋತಾರಾ?"

"ಬೇಡ್ವಂತೆ."

"ಹಾಗಾದ್ರೆ ಅದು ಲಂಚ."

"ಸರಿ, ಕೊಡೋಣ ಸಾರ್!"

"ಟೆಂಡರ್ ತೆರೆಯೋ ಮುಂಚೆ ಕೆಲಸ ಕೊಟ್ಟ ಹಾಗಾಗುತ್ತೆ. ಅದು ಇನ್ನೂ ದೊಡ್ಡ ತಪ್ಪು. ಇಬ್ರೂ ಗಟ್ಟಿಯಾಗಿ ಮಾತಾಡ್ತಾನೇ ಇರಿ. ಮಾತು ನಿಲ್ತೋ, ಒಳಗೆ ವ್ಯವಹಾರ ನಡೀತಿದೆ ಅಂತಲೇ ಅರ್ಥ."

ಇಬ್ಬರೂ ಮಾತಾಡಿದರು. ಮಂಡಿನೋವು, ಸೆಖೆ, ಹೆಂಡತಿಯ ತಮ್ಮ, ಎಲ್ಲ ಮುಗಿದವು. ಕೊನೆಗೆ ಗುಮಾಸ್ತ ಮಗ್ಗಿ ಹೇಳತೊಡಗಿದ. ಹದಿನೇಳೆಂಟ್ಲಿ ಎಂದು ತಡವರಿಸಿದ.

"ನೂರ ಮೂವತ್ತಾರು," ಎಂದ ಕಂಟ್ರಾಕ್ಟರ್ ಪಾಪ ಅನ್ನಿಸಿ.

"ಅದನ್ನ ಹೇಳ್ಕೊಟ್ಟಿದ್ದು ಯಾರು?" ಹೊರಗಿನಿಂದ ಗುಡುಗು.

"ನಾನು ತಗೊಂಡಿಲ್ಲ ಸಾರ್! ನನ್ನ ಪ್ರಕಾರ ಅದು ನೂರ ಮೂವತ್ತೇ!"

ಮಧ್ಯಾಹ್ನ ಕಳೆಯಿತು. ಕಂಟ್ರಾಕ್ಟರ್ ತನ್ನ ಬಾಟಲಿಯಿಂದ ನೀರು ಕುಡಿದ. "ಒಂದು ಗುಟುಕು ಹಾಕ್ಕೊಳ್ಳಿ, ಮಾರಾಯ್ರೆ," ಎಂದ. ಗುಮಾಸ್ತ ಒಣಗಿದ ತುಟಿ ಸವರಿಕೊಂಡು ಗೋಡೆಯ ಕಡೆ ತಿರುಗಿದ.

"ಕುಡಿದ ಶಬ್ದ ಬಂತು!" ಎಂದರು ಮೇಡಂ.

"ಅದು ಅವರ ಗಂಟಲು, ಮೇಡಂ! ನನ್ನದಲ್ಲ!"

ಸಂಜೆ ಸೋಸುಬಟ್ಟೆಗೆ ಮನೆಗೆ ಹೋಗುವ ಹೊತ್ತಾಯಿತು. ಎಲ್ಲಿಗೋ ಫೋನ್ ಮಾಡಿದ. ಚೀಲ ಹಿಡಿದ ಒಬ್ಬ ಬಂದು, ನಾಲ್ಕನೇ ಮಹಡಿಯ ಬಾಗಿಲನ್ನು ಕ್ಷಣದಲ್ಲಿ ಸರಿಸಿ, ಕೆಳಗೆ ನಿಂತಿದ್ದ ಗುಮಾಸ್ತನನ್ನು ರಟ್ಟೆ ಹಿಡಿದು ಮೇಲಕ್ಕೆಳೆದ. ಹಿಂದೆಯೇ ಹತ್ತಿಬಂದ ಕಂಟ್ರಾಕ್ಟರ್ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಓಡಿದ.

ಸೋಸುಬಟ್ಟೆ ಗುಮಾಸ್ತನ ಕೈ ಕುಲುಕಿದ. "ಒಂದು ಹನಿ ನೀರೂ ಮುಟ್ಲಿಲ್ಲ! ನಿಮ್ಮಂಥವರು ಬೇಕು ಕಣ್ರೀ. ಪುಣ್ಯಕ್ಕೆ ಬಾಗಿಲು ತೆಗೆದ ಇವರೂ ದುಡ್ಡು ಬೇಡ ಅಂದ್ರು."

ಗುಮಾಸ್ತನ ಕಣ್ಣು ತುಂಬಿತು.

"ಅಲ್ಲಾ ಸಾರ್," ಎಂದರು ಮೇಡಂ, ಚೀಲದವನನ್ನು ಮೇಲಿಂದ ಕೆಳಗೆ ನೋಡುತ್ತ, "ಇವರೂ ಟೆಂಡರ್ ಹಾಕಿದಾರಲ್ವಾ?"

ಚೀಲದವನು ಹಲ್ಲು ಕಿರಿದು ತಲೆಯಾಡಿಸಿದ.

"ಫೋನ್ ಮಾಡಿದ್ದು ನೀವು ಸಾರ್!" ಗುಮಾಸ್ತನ ದನಿ ಸೀಳಿತು.

"ಹೊರಗೆ ಬಂದಿದ್ದು ನೀವು. ಲಾಭ ಯಾರಿಗಾಯ್ತು ಅನ್ನೋದೇ ಮುಖ್ಯ." ಸೋಸುಬಟ್ಟೆ ಗಲ್ಲ ಕೆರೆದುಕೊಂಡ. "ಗಾಬರಿ ಬೇಡ. ತಗೊಂಡಿದ್ದನ್ನ ಇವತ್ತೇ ವಾಪಸ್ ಕೊಟ್ಬಿಟ್ರೆ ನಿಯಮದ ಪ್ರಕಾರ ತಪ್ಪಿಲ್ಲ."

"ಇದನ್ನ ಹೇಗೆ ಸಾರ್ ವಾಪಸ್ ಕೊಡೋದು?"

ಎಲ್ಲರೂ ಲಿಫ್ಟಿನತ್ತ ನೋಡಿದರು.

ಗುಮಾಸ್ತ ಮತ್ತೆ ಲಿಫ್ಟಿನೊಳಕ್ಕೆ ಇಳಿದ, ಕೈ ಹಿಡಿದು ಇಳಿಸಿದ್ದು ಮೇಡಂ. ಬಾಗಿಲು ಕೂಡಿಕೊಂಡಿತು.

"ಅಭಿನಂದನೆ!" ಸೋಸುಬಟ್ಟೆಯ ದನಿ ನಿಜಕ್ಕೂ ಗದ್ಗದವಾಗಿತ್ತು. "ನಿಮ್ಮ ನೌಕರಿ ಕಾಯಂ. ಹೊರಗೆ ಬಂದ ಮೇಲೆ ಆರ್ಡರ್ ಇಸ್ಕೊಳ್ಳಿ."

ಹೊರಗೆ ಚಪ್ಪಾಳೆ ಬಿತ್ತು. ಆಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಮನೆಗೆ ಹೋದರು.