ಟಾರು ರೋಡೂ ನಮ್ಮನೆ ಹುರುಳಿಯೂ

ಹೆಂಡತಿ ಮಾತು ಕೇಳಿ ಕೆಟ್ಟವರಿದ್ದಾರೆ. ಕೇಳದೆ ಕೆಟ್ಟವನು ನಾನು. ನಮ್ಮೂರು ತೊಣ್ಣೂರಿನಾಚೆ. ಪಾಂಡವಪುರಕ್ಕೆ ಬರೀ ಮಣ್ಣುದಾರಿ. ನಮ್ಮನೆಯವಳು ದ್ಯಾವಮ್ಮ ವಾರವಾರ ಮೊಸರಿನ ಕುಡಿಕೆ ಹೊತ್ತು ಅದೇ ದಾರೀಲಿ ಸಂತೆಗೆ ನಡೀತಿದ್ದಳು. ಒಂದು ದಿನ ತಾಲ್ಲೂಕಿನ ಅಧಿಕಾರಿಗಳು ಬಂದು, "ಇರೋ ದಾರಿಗೇ ಬಸ್ಸು ಬೇಕೋ, ಹೊಸ ಟಾರು ರೋಡು ಬೇಕೋ? ಎರಡರಲ್ಲಿ ಒಂದು ಹೇಳಿ" ಅಂದರು.

"ಬಸ್ಸು ಅನ್ನಿ. ಹೊತ್ತೂ ಹೊತ್ತೂ ನನ್ ಕತ್ತು ಬಿದ್ದೋಗ್ಯದೆ" ಅಂದಳು ದ್ಯಾವಮ್ಮ.

"ಲೇ, ರೋಡಾದ್ರೆ ಬಸ್ಸು ತಾನಾಗೇ ಬತ್ತದೆ ಕಣೆ. ಪ್ರಗತಿ ಅಂದ್ರೆ ನಿಂಗೇನ್ ಗೊತ್ತು?"

"ರೋಡ್ ಮೇಲೆ ಕುಂತ್ಕಂಡ್ರೆ ಅದು ಸಂತೆಗೆ ಕರ್ಕಂಡೋಯ್ತದಾ?"

(ಒಳಗುಟ್ಟು ಹೇಳಿಬಿಡ್ತೀನಿ: ರೋಡಾದರೆ ಕಲ್ಲು ನೆಡುತ್ತಾರೆ. ಅದರ ಮೇಲೆ 'ಪಂಚಾಯ್ತಿ ಮೆಂಬರ್ ಮರಿಸ್ವಾಮಿ' ಅಂತ ನನ್ನ ಹೆಸರು ಕೆತ್ತುತ್ತಾರೆ. ಬಸ್ಸಿನ ಮೇಲೆ ಯಾರು ಕೆತ್ತುತ್ತಾರೆ?)

ಸಭೇಲಿ ಘನಗಂಭೀರವಾಗಿ ಭಾಷಣ ಬಿಗಿದೆ. ಜಾಗ ಸಾಲದು ಅಂದಾಗ ನಮ್ಮ ಒಕ್ಕಣೆ ಕಣವನ್ನೇ ದಾನ ಮಾಡಿದೆ. ಕರ್ಣನೂ ನಾಚಬೇಕು! ರೋಡಾಯ್ತು, ಕಲ್ಲೂ ಆಯ್ತು, ಬಸ್ಸು ಮಾತ್ರ ಬರಲಿಲ್ಲ. ದ್ಯಾವಮ್ಮ ಈಗ ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಡೆದು ಬರೋಳು. ಬಂದು ಅವಳು ನನ್ನ ತಟ್ಟೆಗೆ ಮುದ್ದೆ ಕುಕ್ಕೋ ಸದ್ದಿಗೆ ಪಕ್ಕದ ಮನೆ ಪುಟ್ಟತಾಯಮ್ಮನ ಕೋಳಿಗಳು ಬೆದರುತ್ತಿದ್ದವು. ತಡೀಲಾರದೆ ನಾನೇ ಬಸ್ ಡಿಪೋಗೆ ಹೋಗಿ ಬಸ್ಸು ಕೇಳಿದೆ. "ಸಾಹೇಬರು ಬಂದು ಜನರ ಓಡಾಟ ನೋಡ್ತಾರೆ, ಆಮೇಲೆ ತೀರ್ಮಾನ" ಅಂದರು.

ಅಷ್ಟರಲ್ಲಿ ಹುರುಳಿ ಕುಯ್ಲಾಯ್ತು. ದೊಡ್ಡ ರೋಡಿನ ಊರುಗಳಲ್ಲಿ ಟಾರಿನ ಮೇಲೆ ಹರವಿದರೆ ಸಾಕು, ಬಸ್ಸು ಲಾರಿಗಳೇ ತುಳಿದು ಒಕ್ಕಿಕೊಡುತ್ತವೆ. ನಮ್ಮವಳೂ ತಂದು ರೋಡಿಗೆ ಹರವಿದಳು.

"ಇಲ್ಯಾಕೆ ಹರ್ವಿದ್ಯೆ?"

"ಕಣ ಎಲ್ ಮಡ್ಗಿದ್ದೀರಿ? ನಿಮ್ ರೋಡಿನ್ ಕೆಳಗೆ ಅಲ್ವಾ?"

"ಸರಿ, ಎತ್ತು ಕಟ್ಟಿ ತುಳಿಸಾನ."

"ಟಾರ್ ಮೇಲೆ ಲಾಳ ಜಾರಿ ಎತ್ತಿನ್ ಕಾಲ್ ಮುರುದ್ರೆ? ಬಸ್ಸಂತೂ ಬರಾಕಿಲ್ಲ. ಸೈಕಲ್ ಅದೆಯಲ್ಲ, ನೀವೇ ತುಳೀರಿ!"

ತುಳಿದೆ. ಬೆಳಿಗ್ಗೆ ಅಂಗಿ ತೊಟ್ಟು, ಬಿಸಿಲೇರಿದ ಮೇಲೆ ಅಂಗಿ ಬಿಚ್ಚಿ, ಮಧ್ಯಾಹ್ನ ತಲೆಗೆ ಟವಲು ಸುತ್ತಿ, ಆ ತುದಿಯಿಂದ ಈ ತುದಿಗೆ ತುಳಿದೇ ತುಳಿದೆ. ದೂರದ ಹೊಂಗೆಮರದ ನೆರಳಲ್ಲಿ ದಪ್ಪ ಕನ್ನಡಕದವರೊಬ್ಬರು ಕೂತಿದ್ದರು. ಯಾರೋ ದಾರಿಹೋಕರು ಅಂದುಕೊಂಡೆ.

ಸಂಜೆ ಕೈಕಾಲು ತೊಳೆದು, ಜರತಾರಿ ಶಲ್ಯ ಹೊದ್ದು ಜಗಲೀಲಿ ಕೂತಿದ್ದೆ. ಅದೇ ಕನ್ನಡಕದವರು ಬಂದು ಕೈಮುಗಿದರು.

"ಮೆಂಬರೇ, ಬಸ್ಸಿನ ವಿಚಾರಕ್ಕೆ ಬಂದಿದ್ದೆ. ಅಬ್ಬಬ್ಬಾ, ನಿಮ್ಮೂರಲ್ಲಿ ಎಷ್ಟು ಸೈಕಲ್ಲು ಸ್ವಾಮಿ! ಅಂಗಿಯೋರು, ಬರಿಮೈಯೋರು, ಟವಲಿನೋರು, ಎಲ್ಲಾರೂ ಸೈಕಲ್ ಮೇಲೇ! ನಡೆಯೋರೇ ಕಾಣಲಿಲ್ಲ. ನಿಮಗ್ಯಾಕೆ ಬಸ್ಸು? ನಾಗಮಂಗಲದ ಕಡೆಗೆ ಬಿಡ್ತೀವಿ."

ಬಾಯಿ ತೆರೆದೆ. ಅಷ್ಟೂ ಜನ ನಾನೇ ಅಂದರೆ, ಊರ ಮೆಂಬರು ಹೆಂಡತಿ ಮಾತಿಗೆ ದಿನವೆಲ್ಲಾ ಹುರುಳಿ ತುಳಿದ ಅಂತ ತಾಲ್ಲೂಕಿಗೇ ಗೊತ್ತಾಗುತ್ತೆ. ತೆರೆದ ಬಾಯಿ ಮುಚ್ಚಿಕೊಂಡೆ.

"ಹೌದು ಸ್ವಾಮಿ, ಮುಂದುವರಿದ ಊರು" ಅಂದೆ.

ದ್ಯಾವಮ್ಮ ಬಾಗಿಲ ಸಂದೀಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ಬಯ್ಯಲಿಲ್ಲ. (ಅದಕ್ಕೇ ನನಗೆ ಭಯ ಆಗಿದ್ದು.)

"ಸೈಕಲ್ಗೆ ಗಟ್ಟಿಯಾಗಿರೋ ಕ್ಯಾರಿಯರ್ ಹಾಕ್ಸ್ಕಂಡ್ ಬನ್ನಿ. ನಾಳೀಕೆ ಸಂತೆ" ಅಂದಳು ಅಷ್ಟೇ.

ಈಗ ವಾರವಾರ ನಾನು ಏದುಸಿರು ಬಿಡುತ್ತಾ ತುಳೀತೀನಿ, ಅವಳು ಹಿಂದೆ ಕುಡಿಕೆ ಹಿಡಿದು ಮಹಾರಾಣಿ ಥರ ಕೂತಿರ್ತಾಳೆ. ಮೊನ್ನೆ ಅವಳನ್ನ ಸಂತೇಲಿ ಬಿಟ್ಟು ವಾಪಸ್ ಬಂದರೆ, ಪುಟ್ಟತಾಯಮ್ಮ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ನಮ್ಮ ಜಗಲಿ ಮುಂದೆ ನಿಂತಿದ್ದಾಳೆ.

"ಅಣ್ಣೋ, ಎರಡ್ನೇ ಟ್ರಿಪ್ಪು ಎಷ್ಟೊತ್ಗೆ?"