ಚಾ ಬಣ್ಣದ ಬೆನ್ನು ಹತ್ತಿ

ಕಟ್ಟಿಗೆಗೆ ಬಣ್ಣ ಹಚ್ಚುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಡಬ್ಬಿಯಲ್ಲಿ ಒಂದು ಬಣ್ಣ, ಹಚ್ಚಿದಾಗ ಒಂದು, ಒಣಗಿದ ಮೇಲೆ ಇನ್ನೊಂದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಊರೂರು ತಿರುಗುವ ನನಗೆ ಮಾತ್ರ, ಏನು ಬೆರೆಸಿದರೂ ಒಂದೇ ಬಣ್ಣ ಬರುತ್ತಿತ್ತು.

೧. ಕುರುಗೋಡಿನ ಬಾಗಿಲು

ಬಳ್ಳಾರಿಯಿಂದ ಬಟ್ಟೆ ತರಿಸಿ ಜೀನ್ಸ್ ಹೊಲಿಯುವ ಒಬ್ಬ ಹೆಣ್ಣುಮಗಳ ಮನೆ ಬಾಗಿಲಿಗೆ ಲ್ಯಾಕರ್ ಪಾಲಿಶ್ ಹಚ್ಚಲು ಹೋಗಿದ್ದೆ. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಆಕೆ ಮತ್ತು ಹೊಲಿಗೆ ಮಷೀನು, ಅಷ್ಟೇ. ಮಧ್ಯಾಹ್ನ ಹಾಲಿಲ್ಲದ ಚಾ ತಂದು ಕಟ್ಟೆಯ ಮೇಲಿಟ್ಟಳು. ಬಿಸಿಲು ಗ್ಲಾಸಿನೊಳಗೆ ಹಾಯ್ದು ಬಂತು. ಆ ಬಣ್ಣವನ್ನೇ ನೋಡುತ್ತ ಬ್ರಷ್ಷನ್ನು ಥಿನ್ನರ್ ಬಿಟ್ಟು ಚಾದಲ್ಲಿ ಅದ್ದಿದೆ.

“ಅಯ್ಯ, ಬಾಗ್ಲಿಗೂ ಚಾ ಕುಡಸ್ತೀರೇನ್ರಿ?” ಅಂತ ನಕ್ಕಳು.

ಆ ನಗು ಕೇಳಿ ಅಲ್ಲೇ ಇದ್ದುಬಿಡೋಣ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಹೆದರಿ, ಕೊನೇ ಕೋಟು ಹಸಿ ಇರುವಾಗಲೇ ಸಾಮಾನು ಎತ್ತಿಕೊಂಡು, ಹೇಳದೆ ಕೇಳದೆ ಬಸ್ಸು ಹತ್ತಿದೆ. ಸಿರುಗುಪ್ಪದಲ್ಲಿ ಇಳಿದು ಚೀಲ ತೆಗೆದರೆ ಆಕೆಯ ಗ್ಲಾಸು. ಬ್ರಷ್ ಇನ್ನೂ ಅದರಲ್ಲೇ ನಿಂತಿತ್ತು.

೨. ಸಿರುಗುಪ್ಪದ ಮಂಚ

ಅಲ್ಲಿ ಒಬ್ಬ ರೈಸ್ ಮಿಲ್ಲಿನ ಸಾಹುಕಾರರು ಮಗಳ ಮದುವೆಗೆ ಮಂಚ ಮಾಡಿಸಿದ್ದರು. ಬೀಟಿ ಮರದ ಹಾಗೆ ಕಪ್ಪಗೆ ಕಾಣಬೇಕೆಂದರು. ಕರಿ, ಕೆಂಪು, ಹಳದಿ ಹನಿ ಹನಿ ಎಣಿಸಿ ಅದೇ ಗ್ಲಾಸಿನಲ್ಲಿ ಬೆರೆಸಿದೆ. ಮಂಚ ಅಪ್ಪಟ ಚಾ ಬಣ್ಣಕ್ಕೆ ಬಂತು.

“ಲೇ, ಇದರ ಮ್ಯಾಲೆ ಅಳಿಯ ಮಲಗ್ಬೇಕಲೇ, ಬಿಸ್ಕೀಟ್ ಅದ್ದಾಂಗಿಲ್ಲ!” ಎಂದರು.

“ಒಣಗಿದ ಮ್ಯಾಲೆ ಕಪ್ಪಾಗ್ತೈತ್ರಿ,” ಎಂದೆ. ಅದು ಒಣಗುವಷ್ಟರಲ್ಲಿ ನಾನು ಬಳ್ಳಾರಿ ಬಸ್ಸಿನಲ್ಲಿದ್ದೆ.

೩. ಬಳ್ಳಾರಿಯ ಗಿಟಾರು

ವರ್ಷಗಳು ಕಳೆದವು. ಬಳ್ಳಾರಿಯ ಒಂದು ಪಾಲಿಶ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಆರ್ಕೆಸ್ಟ್ರಾದಲ್ಲಿ ಬಾರಿಸುವ ಒಬ್ಬಾತ ಬಣ್ಣ ಹೋದ ಗಿಟಾರು ತಂದ. “ಅಣ್ಣಾ, ನಡುವ ಜೇನು, ಅಂಚಿಗೆ ಕೆಂಪು. ಸ್ಟೇಜ್ ಮ್ಯಾಲೆ ಮಿಂಚ್ಬೇಕು.”

ತಿಳಿ ಲ್ಯಾಕರಿಗೆ ಹನಿ ಹನಿ ಬಣ್ಣ ಬಿಟ್ಟು, ಹಲಗೆಯ ಹನ್ನೊಂದು ಚೂರುಗಳ ಮೇಲೆ ಹಚ್ಚಿ ಬಿಸಿಲಿಗಿಟ್ಟೆ. ಆತ ಒಂದೊಂದೇ ಎತ್ತಿ ನೋಡಿದ.

“ಚಾ. ಚಾ. ಕಡಕ್ ಚಾ. ನೀರು ಚಾ. ಇದು ಪಾಲಿಶ್ ಅಂಗಡಿನೋ, ಹೋಟ್ಲೋ?”

ಯಾರಿಗೂ ಹೇಳದ ಕುರುಗೋಡಿನ ಕತೆಯನ್ನು ಆತನಿಗೆ ಹೇಳಿಬಿಟ್ಟೆ. ಹನ್ನೊಂದರಲ್ಲಿ ಒಂದೂ ಆ ಮಧ್ಯಾಹ್ನದ ಬಣ್ಣವಲ್ಲ ಅಂತಲೂ ಹೇಳಿದೆ. ಆತ ಚೂರುಗಳನ್ನು ಒಟ್ಟು ಮಾಡಿ ನನ್ನ ಕೈಗಿಟ್ಟ. ಆಮೇಲೆ, “ಚಾ ಬಣ್ಣನೇ ಹಚ್ರಿ. ಆದ್ರ ಹೋಗಿ ಖರೇ ಚಾ ನೋಡ್ಕೊಂಡು ಬರ್ರಿ. ಇಲ್ಲಾಂದ್ರ ಜಿಲ್ಲಾದಾಗಿನ ಕಟ್ಟಿಗಿ ಎಲ್ಲಾ ಕೆಡಸ್ತೀರಿ!” ಎಂದ.

೪. ಮತ್ತೆ ಅದೇ ಬಾಗಿಲು

ಚೀಲದಲ್ಲಿ ಹಲಗೆ ಚೂರುಗಳು, ಉಜ್ಜಿ ತೊಳೆದ ಗ್ಲಾಸು. ಅವತ್ತು ನಾನು ಇರುತ್ತೇನೆ ಅಂದಿದ್ದರೆ ಆಕೆ ಏನನ್ನುತ್ತಿದ್ದಳು? ಅಷ್ಟು ತಿಳಿದರೆ ಸಾಕಿತ್ತು.

ಬಾಗಿಲು ತೆಗೆದವಳು ಮೊದಲು ನನ್ನನ್ನಲ್ಲ, ಗ್ಲಾಸನ್ನು ನೋಡಿದಳು. “ಆರರ ಸೆಟ್‌ರಿ ಅದು. ಐದರಾಗೇ ಜೀವನ ಮಾಡೀನಿ.”

ಚೂರುಗಳನ್ನು ಹರಡಿ, ಬಣ್ಣದ ಕತೆ ಹೇಳಿದೆ. ಸೆರಗು ಬಾಯಿಗೆ ಹಿಡಿದಳು. “ಅವತ್ತು ಚಾಪುಡಿ ತೀರಿತ್ತು. ಮುಂಜಾನಿ ಕುದಿಸಿದ್ದನ್ನೇ ಮತ್ತ ಕುದಿಸಿ ಕೊಟ್ಟಿದ್ದೆ. ಇಷ್ಟು ವರ್ಷ ಅದರ ಬೆನ್ನು ಹತ್ತೀರೇನು?”

ನಾಚಿಕೆಗೆ ಮುಖ ತಿರುಗಿಸಿದೆ. ಬಾಗಿಲ ಮೇಲೆ, ಲ್ಯಾಕರಿನಲ್ಲಿ ಐದು ಬೆರಳಿನ ಅಚ್ಚು ಮೂಡಿತ್ತು.

“ಇದೇನ್ರಿ?”

“ಅವತ್ತು ನಿಮ್ಮನ್ನ ಕರೆಯಾಕ ಓಡಿ ಬಂದೆ. ಬಾಗ್ಲು ಹಸಿ ಇತ್ತು.”

“ಗ್ಲಾಸ್ ಕೇಳಾಕೇನ್ರಿ?”

“ಗ್ಲಾಸ್ ಹೋದದ್ದು ಮರುದಿನ ಗೊತ್ತಾತು,” ಎಂದಳು.

ಆ ಅಚ್ಚಿನ ಮೇಲೆ ಕೈಯಾಡಿಸಿದೆ. “ಕೆರೆದು ಹೊಸದಾಗಿ ಹಚ್ಲೇನ್ರಿ?” ಎಂದೆ.

“ಆ ಕೈ ಗುರುತು ಬಿಟ್ಟು ಉಳಿದದ್ದಕ್ಕ ಹಚ್ರಿ. ಒಣಗಾಕ ಎಷ್ಟು ದಿನ ಬೇಕು?”

ಒಂದು ತಾಸು ಸಾಕು. “ಒಂದು ತಿಂಗಳು ಬೇಕ್ರಿ,” ಎಂದೆ.

ಅಷ್ಟರಲ್ಲಿ ಗಿಟಾರಿನವನ ಫೋನು. “ಬಣ್ಣ ಸಿಕ್ತೇನಣ್ಣಾ?”

“ಸಿಕ್ಕೈತಪ್ಪ. ಒಣಗ್ಲಿ, ತಡಿ.”

ಒಳಗಿನಿಂದ ಆಕೆಯ ದನಿ ಬಂತು: “ಇವತ್ತು ಚಾಪುಡಿ ಐತಿ. ಆದ್ರ ಗ್ಲಾಸ್ ನಾನೇ ಹಿಡ್ಕೊಂಡು ನಿಂದರ್ತೀನಿ, ನೀವು ಬರೇ ಕುಡೀರಿ!”