ಬೀಗರು ಹೇಳಿದ ಲಿವರಿನ ಪಾಳಿ

ನಮ್ಮ ಬೀಗರಿಗೆ, ಅಂದರೆ ನನ್ನ ಅಳಿಯನ ತಂದೆಗೆ, ಮನುಷ್ಯರ ಕೂಸುಗಳ ಪರಿಚಯ ಅಷ್ಟಕ್ಕಷ್ಟೇ. ಇಲಿಮರಿಯಾದರೆ ಕೇಳಿ, ಜಾತಕವನ್ನೇ ಬರೆದುಕೊಟ್ಟಾರು! ನೌಕರಿಯ ಉದ್ದಕ್ಕೂ ಪ್ರಯೋಗಾಲಯದಲ್ಲಿ ಇಲಿಮರಿಗಳ ಲಿವರ್ ಅರೆದು ನೋಡಿದವರು. ನಾನೋ ನಾಲ್ಕನೇ ಇಯತ್ತೆ ಓದಿದವಳು.

ಮಗಳು ಹೆತ್ತಾಗ ನಾವಿರುವ ಕೂಕಟ್‌ಪಲ್ಲಿಗೆಲ್ಲ ಪೇಢೆ ಹಂಚುವ ಹಿಗ್ಗು ನನಗೆ. ಮೊಮ್ಮಗಳು ದಿನ ತುಂಬುವ ಮೊದಲೇ ಬಂದವಳು. ಮನೆಗೆ ಕರೆತಂದ ದಿನ ಬೀಗರು ಲಿಂಗಂಪಲ್ಲಿಯಿಂದ ಬಂದು ತೊಟ್ಟಿಲೊಳಗೆ ಇಣುಕಿದರು.

"ಬಾಲ ಒಂದಿಲ್ಲ. ಉಳಿದದ್ದೆಲ್ಲಾ ಬರೋಬರಿ ಐತ್ರಿ."

ಇಂಥ ಅಜ್ಜನನ್ನು ಎಲ್ಲಾದರೂ ಕಂಡಿದ್ದೀರಾ?

ಮರುದಿನವೇ ಕೂಸು ಅರಿಷಿಣ ಬಳಿದಂತೆ ಹಳದಿಯಾಯಿತು. ನಾನು ಗುಟ್ಟಿ ತೇಯಲು ಕುಳಿತೆ. ಬಜೆ, ಜಾಜಿಕಾಯಿ, ಅಳಲೆಕಾಯಿ. ನಮ್ಮ ಮನೆತನದ ಮಕ್ಕಳೆಲ್ಲ ಅದನ್ನು ನೆಕ್ಕಿಯೇ ಬೆಳೆದದ್ದು. ಬೀಗರು ತೇಯುವ ಕಲ್ಲನ್ನೇ ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು!

"ಕಲ್ಲು ಕೊಡ್ರಿ ಬೀಗರ!"

"ಕೊಡಂಗಿಲ್ರಿ ಅಕ್ಕಾರ. ಲಿವರ್ ಅಂದ್ರ ನಿಮ್ಮ ಮನಿಯವ್ರು ದುಡಿಯೋ ಬಾಲಾನಗರದ ಕಾರ್ಖಾನೆ ಇದ್ದಂಗ. ಕೆಲಸದವ್ರು ಪಾಳಿ ಪಾಳಿಲೇ ಬರ್ತಾರ. ಕೆಲವ್ರು ಕೂಸು ಹುಟ್ಟೂಕಿಂತ ಮೊದಲ, ಕೆಲವ್ರು ಹುಟ್ಟಿದ ಮ್ಯಾಲ, ಕೆಲವ್ರು ಹಾಲು ಬಿಡೂ ಮುಂದ. ಹಳದಿ ತೊಳೆಯವ್ರು ಇನ್ನಾ ಪೂರಾ ಬಂದಿಲ್ಲ. ನಿಮ್ಮ ಗುಟ್ಟಿ ಯಾರು ಅರಗಸ್ಬೇಕು?"

"ಯಾಕ ಬಂದಿಲ್ಲ? ಕರೀರಿ ಅವರನ್ನ!"

"ನಮ್ಮ ಹುಡುಗಿನೇ ಅವಸರ ಮಾಡಿ ಬಂದಾಳ. ಅವರದೇನು ತಪ್ಪು? ನಡೀರಿ ದವಾಖಾನೆಗೆ."

ದವಾಖಾನೆಯಲ್ಲಿ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಬೀಗರು ನರ್ಸಮ್ಮನಿಗೆ ಇಲಿಮರಿಗಳ ಪಾಳಿ ವಿವರಿಸತೊಡಗಿದರು. ಆಕೆ, "ತಾತಗಾರೂ, ಇಲ್ಲಿ ಇಲಿಗಳಿಲ್ಲ!" ಎಂದು ತೆಲುಗಿನಲ್ಲೇ ಗದರಿಸಿ ಹೊರಗಟ್ಟಿದಳು. ಮಗಳು ಅಳುತ್ತಿದ್ದಳು. ಬೀಗರು ಮಾತ್ರ ಗಾಜಿಗೆ ಮೂಗು ಒತ್ತಿ ನಿಂತೇ ಇದ್ದರು.

ಎರಡು ದಿನಕ್ಕೆ ಹಳದಿ ಇಳಿಯಿತು. ಮನೆಗೆ ಹೋಗಬಹುದು ಎಂದರು ಡಾಕ್ಟರು. ನನಗೆ ಕುಣಿಯುವುದೊಂದು ಬಾಕಿ!

"ಬೀಗರ, ಹಿಡೀರಿ ಮೊಮ್ಮಗಳನ್ನ."

ಅವರು ಎರಡೂ ಕೈ ಬೆನ್ನ ಹಿಂದೆ ಒಯ್ದರು. "ಬ್ಯಾಡ್ರಿ ಅಕ್ಕಾರ. ಈ ಕೈಲೇ ಭಾಳ ಮರಿ ಕೊಯ್ದೀನಿ."

ನಗಬೇಕೆಂದೆ, ಆಗಲಿಲ್ಲ.

"ಆ ಮರಿಗಳು ಕಲಿಸಿದ್ದಕ್ಕ ಅಲ್ಲೇನ್ರಿ ನೀವು ಗುಟ್ಟಿ ತೇಯೂ ನನ್ನ ಕೈ ತಡೆದದ್ದು?" ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿ, ಕೂಸನ್ನು ಅವರ ತೊಡೆಗೆ ಹಾಕಿಬಿಟ್ಟೆ.

ಅಳಿಯ ಆಟೋ ತಂದು ಕರೆದ. ಬೀಗರು ಅಲುಗಲಿಲ್ಲ.

"ಇನ್ನೊಂದೀಟು ಇರಲಿ ಬಿಡ್ರಿ," ಎಂದರು, ತಲೆ ಎತ್ತದೆ.